ಫೋಟೋದವನು

"ಇವನಾ? ಫೋಟೋದವನು ಬೀಗರೇ. ಎಮ್ಮೆ ಥರ ಅಡ್ಡ ನಿಂತ್ಕೋತಾನೆ, ತಲೇಲಿ ಏನೂ ಇಲ್ಲ. ಏಯ್, ಸರಿಯೋ ಆ ಕಡೆ!"

ಮುಂದಿನ ಸಾಲಿನವರೆಲ್ಲ ನಕ್ಕರು. ಗಂಡಿನ ಅಪ್ಪ ಹೆಡ್‌ಮಾಸ್ತರರಾಗಿದ್ದವರು. "ಮೂಗು ಮಾತ್ರ ನಿಮ್ಮದೇ ಇದ್ದ ಹಾಗಿದೆಯಲ್ರೀ!" ಎಂದು ಅವರೂ ನಕ್ಕರು. ಅವನು ಸರಿದ. ಕಾಲು ತಾನಾಗಿಯೇ ಸರಿಯಿತು. ಎಮ್ಮೆ ಎಂದವನು ಅವನನ್ನು ಹೆತ್ತ ಅಪ್ಪ. ಮದುಮಗಳು ಅವನ ಒಡಹುಟ್ಟಿದ ತಂಗಿ.

ಕೊರಳಲ್ಲಿ ಎರಡು ಕ್ಯಾಮೆರಾ. ಒಂದಕ್ಕೆ ಇಡೀ ಹಾಲ್ ಹಿಡಿಸುವ ವೈಡ್ ಲೆನ್ಸ್, ಇನ್ನೊಂದಕ್ಕೆ ದೂರದ ಮುಖ ಎಳೆದು ತರುವ ಟೆಲಿ. ಬೆಳಿಗ್ಗೆ ಏಳರಿಂದ ಒಂದನ್ನು ಇಳಿಸಿ ಒಂದನ್ನು ಎತ್ತಿ ಕತ್ತು ಕೆಂಪಾಗಿತ್ತು. ಒಬ್ಬನ ಕೈಲಿ ಆಗುವ ಕೆಲಸವಲ್ಲ. ಆದರೆ ತಂಗಿ ಹೇಳಿದ್ದಳು, "ನೀನೊಬ್ಬನೇ ತೆಗಿ ಅಣ್ಣ. ನಿನ್ನ ಜೊತೆಗಾರ ಇದಾನಲ್ಲ, ಆ ಬಾಯಿಬಡುಕನ್ನ ಕರ್ಕೊಂಡು ಬರ್ಬೇಡ. ಬೇರೆಯವರ ಮುಂದೆ ನಂಗೆ ನಗು ಬರಲ್ಲ." ಆ ಮಾತಿಗೆ ಅವನು ಪೂರಿ ಉಬ್ಬಿದ ಹಾಗೆ ಉಬ್ಬಿದ್ದ.

ಒಂಬತ್ತನೇ ಕ್ಲಾಸಿಗೆ ಪುಸ್ತಕ ಬಿಸಾಡಿ ಸ್ಟುಡಿಯೋ ಸೇರಿದಾಗಿನಿಂದ ಅಪ್ಪನಿಗೆ ಅವನನ್ನು ಕಂಡರಾಗದು. ಬೈಯಲಿ, ಬೇಕಾದರೆ ಹೊಡೆಯಲಿ. ಮಗನೇ ಅಲ್ಲ ಅನ್ನೋದಾ? ಕಿವಿ ಕಾದ ಕಾವಲಿಯಾಯಿತು. ಟೆಲಿ ಎತ್ತಿ ತಂಗಿಯ ಮುಖಕ್ಕೆ ಹಿಡಿದ. ಈಗ ಹೇಳುತ್ತಾಳೆ, ಇವನು ನನ್ನಣ್ಣ ಅಂತ. ಹೇಳಿಯೇ ಹೇಳುತ್ತಾಳೆ.

ಅವಳ ಅತ್ತೆ ಕೇಳಿದರು, "ನಿಮ್ಮಣ್ಣ ಕೊನೆಗೂ ಬರ್ಲಿಲ್ವೇನಮ್ಮ?"

"ಪರೀಕ್ಷೆ ಅತ್ತೆ. ಆ ದೇಶದಲ್ಲಿ ರಜೆ ಕೊಡಲ್ವಂತೆ. ನಿನ್ನೆ ಫೋನಲ್ಲಿ ತುಂಬ ಬೇಜಾರ್ ಮಾಡ್ಕೊಂಡ, ಪಾಪ."

ಲೆನ್ಸಿನಲ್ಲಿ ಅವಳ ರೆಪ್ಪೆಯ ಒಂದೊಂದು ಕೂದಲೂ ಕಾಣುತ್ತಿತ್ತು. ಒಂದೂ ಅಲುಗಲಿಲ್ಲ. ಬಾಯಿಪಾಠ ಒಪ್ಪಿಸಿದ ಹಾಗೆ ಒಪ್ಪಿಸಿ ನಕ್ಕಳು.

ಅವಳಿಗಿದ್ದ ಅಣ್ಣ ಅವನೊಬ್ಬನೇ. ಲೆನ್ಸನ್ನು ಪಕ್ಕಕ್ಕೆ ಹೊರಳಿಸಿದ. ಅಮ್ಮ ನೆಲ ನೋಡುತ್ತಿದ್ದಳು. ಚಿಕ್ಕಪ್ಪ ಕಟ್ಟಿದ್ದ ಬೂಟಿನ ದಾರವನ್ನೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದ. ಹೆಣ್ಣಿನ ಕಡೆಯವರೆಂದರೆ ಅಷ್ಟೇ ಜನ, ಅಷ್ಟೂ ಜನಕ್ಕೆ ಈ ಸುಳ್ಳು ಗೊತ್ತಿತ್ತು. ಎರಡು ಕ್ಯಾಮೆರಾ ಹೊತ್ತವನಿಗೆ ಯಾರ ಪಕ್ಕದಲ್ಲೂ ಕೂರಲು ಪುರಸೊತ್ತಿಲ್ಲ. ಒಂದು ಫೋಟೋದಲ್ಲೂ ಅವನ ಮುಖ ಬರುವುದಿಲ್ಲ. ಬಾಯಿಬಡುಕ ಬಂದಿದ್ದರೆ ಇವನ ತಂಗಿ ಮದುವೆ ಎಂದು ಹಾಲಿಗೆಲ್ಲ ಸಾರಿಬಿಡುತ್ತಿದ್ದ. ಒಬ್ಬನೇ ಬಾ ಎಂದದ್ದು ಅದಕ್ಕೆ.

"ಎಲ್ಲರೂ ನಿಂತ್ಕೊಳ್ಳಿ, ಗ್ರೂಪ್ ಫೋಟೋ!" ಹೆಡ್‌ಮಾಸ್ತರರು ಕೂಗಿದರು.

ಅವನ ಕೈ ವೈಡ್ ಎತ್ತಿಕೊಂಡಿತು. ಆ ಲೆನ್ಸಿನಲ್ಲಿ ತುದಿಗೆ ನಿಂತವರ ಮುಖ ಸೋರೆಕಾಯಿಯ ಹಾಗೆ ಎಳೆದುಕೊಳ್ಳುತ್ತದೆ. ಅಪ್ಪ ತುದಿಗಿದ್ದ. ಒಳಗೆ ಬನ್ನಿ ಎನ್ನಬೇಕಿತ್ತು, ಅನ್ನಲಿಲ್ಲ.

"ತಾಳಪ್ಪ, ಒಂದ್ನಿಮಿಷ." ಹೆಡ್‌ಮಾಸ್ತರರು ಎಲ್ಲರನ್ನೂ ಸರಿಸಿ ಸೊಸೆಯ ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಬಿಡಿಸಿದರು. "ಪಾಪ, ಬರಕ್ಕಾಗದ ಆ ಅಣ್ಣನೂ ಇರ್ಲಿ ನಮ್ಮ ಜೊತೆ. ಅವನ ಫೋಟೋ ಬೀಗರು ಆಮೇಲೆ ಕೊಡ್ತಾರೆ. ನೀನು ಇಲ್ಲಿ ಸೇರಿಸ್ತೀಯಲ್ವೇನಪ್ಪ? ಅಂಟಿಸಿದ ಹಾಗೆ ಮಾತ್ರ ಕಾಣ್ಬಾರ್ದು."

ಅವರ ದನಿಯಲ್ಲಿ ನಿಜವಾದ ಅಕ್ಕರೆಯಿತ್ತು. ಅಪ್ಪ ಕೆಮ್ಮಿದ. ತಂಗಿ ಬೆಳಗಿನಿಂದ ಮೊದಲ ಸಲ ನೇರ ಲೆನ್ಸಿನೊಳಗೆ ನೋಡಿದಳು.

ಅವನು ಕ್ಯಾಮೆರಾ ಇಳಿಸಿದ. ತಿರುಗಿ ಬಾಗಿಲಿನತ್ತ ನಡೆದ.

"ಏನಪ್ಪಾ, ಆಗುತ್ತೋ ಇಲ್ವೋ?"

ಅವನು ನಡೆಯುತ್ತಲೇ ಇದ್ದ. ಎದೆಯ ಮೇಲೆ ಎರಡು ಕ್ಯಾಮೆರಾ ಒಂದಕ್ಕೊಂದು ಬಡಿಯುತ್ತಿದ್ದವು. ಬಾಗಿಲ ಗಾಜಿನಲ್ಲಿ ಅವರೆಲ್ಲ ಕಂಡರು. ಒಬ್ಬರ ಜಾಗ ಬಿಟ್ಟು, ಹಲ್ಲು ಬಿಟ್ಟು, ರೆಪ್ಪೆ ಬಡಿಯದೆ ಇನ್ನೂ ಹಾಗೇ ನಿಂತಿದ್ದರು. ಫೋಟೋ ಆಯಿತೆಂದು ಅವರಿಗೆ ಯಾರೂ ಹೇಳಿರಲಿಲ್ಲ.