ಖಾಲಿ ಕಾರಿನ ಮೈಲೇಜು

ನಮ್ಮ ಅಳಿಯಂದಿರು ದೊಡ್ಡ ಕಾರು ತಂದ ಮೇಲೆ ಮನೆಯವರೆಲ್ಲ ನಡೆದುಕೊಂಡು ಓಡಾಡುವ ಅಭ್ಯಾಸ ಮಾಡಿಕೊಂಡೆವು. ಆರೋಗ್ಯಕ್ಕೂ ಒಳ್ಳೆಯದೇ.

ಮೊದಲು ನಮ್ಮಲ್ಲಿದ್ದದ್ದು ಪುಟ್ಟ ಕಾರು. ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು, ಆದರೆ ಹತ್ತಿಸಿಕೊಳ್ಳುತ್ತಿತ್ತು. ನನ್ನ ಮಗಳು ಪರದೆ ಹೊಲಿಯುವವಳು. ಕಿಟಕಿಯ ಅಳತೆ ತೆಗೆಯುವುದರಿಂದ ಹಿಡಿದು, ಬಟ್ಟೆ ಕತ್ತರಿಸಿ, ಹೊಲಿದು, ಏಣಿ ಹತ್ತಿ ರಾಡು ಕೂರಿಸಿ ಪರದೆ ಇಳಿಬಿಡುವವರೆಗೆ ಎಲ್ಲ ಅವಳದೇ ಕೈ. ಹನ್ನೊಂದು ವರ್ಷ ಒಂದು ದೊಡ್ಡ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕಿಟಕಿಯೇ ಇಲ್ಲದ ಕೋಣೆಯಲ್ಲಿ, ಊರಿನವರ ಕಿಟಕಿಗಳಿಗೆ ಅಂಚು ಹೊಲಿದವಳು. ಎರಡು ವರ್ಷದ ಹಿಂದೆ ಅದನ್ನು ಬಿಟ್ಟು ಸ್ವಂತಕ್ಕೆ ಶುರುಮಾಡಿದಳು. ಅವಳಿಗೆ ಸಿಕ್ಕ ಮೊದಲ ದೊಡ್ಡ ಕೆಲಸ ಒಂದು ಕ್ಲಿನಿಕ್ಕಿನದು. ಎಂಟಡಿ ರಾಡುಗಳು ಪುಟ್ಟ ಕಾರಿನಲ್ಲಿ ಒಂದು ಸಲಕ್ಕೆ ನಾಲ್ಕೇ ಹಿಡಿಸಿದವು, ಅದೂ ಕಿಟಕಿಯಿಂದ ಹೊರಗೆ ಮೂತಿ ಚಾಚಿಕೊಂಡು. ಮೂರು ಸುತ್ತು ಹೊಡೆಯಬೇಕಾಯಿತು. ಮೂರನೆಯ ಸುತ್ತು ಮುಟ್ಟುವಷ್ಟರಲ್ಲಿ ಡಾಕ್ಟರಮ್ಮ ಬೀಗ ಹಾಕುತ್ತಿದ್ದರು. "ಇನ್ನು ಮುಂದೆ ನೀವು ಇಷ್ಟು ತೊಂದರೆ ತಗೋಬೇಡಿ" ಎಂದರು. ಬಹಳ ಮರ್ಯಾದೆಯ ಹೆಂಗಸು.

ಆವತ್ತೇ ತೀರ್ಮಾನವಾಯಿತು: ರಾಡು ಹಿಡಿಸುವ ಕಾರು ಬೇಕು.

ಅಳಿಯಂದಿರು ಮೂರು ತಿಂಗಳು ಫೋನಿನಲ್ಲಿ ವಿಡಿಯೋ ನೋಡಿ ನೋಡಿ, ಊಟದ ತಟ್ಟೆಯ ಪಕ್ಕದಲ್ಲೂ ಇಂಜಿನ್ನಿಟ್ಟುಕೊಂಡು, ಕೊನೆಗೆ ಪುಟ್ಟ ಕಾರನ್ನು ಮಾರಿ ಒಂದು ಎಸ್ಟೇಟ್ ಕಾರು ತಂದರು. ಅಂದರೆ ಮುಂದಿನಿಂದ ನೋಡಿದರೆ ಕಾರು, ಹಿಂದಿನಿಂದ ನೋಡಿದರೆ ಕೋಣೆ. ಡಿಕ್ಕಿಯೂ ಸೀಟೂ ಒಂದೇ ಸೂರಿನಡಿ ಉದ್ದಕ್ಕೆ ಮಲಗಿವೆ. ಸಾಲದ್ದಕ್ಕೆ ಟರ್ಬೊ.

"ಟರ್ಬೊ ಅಂದ್ರೆ ಏನು ಗೊತ್ತಾ ಅತ್ತೆ? ಹೊರಗೆ ಹೋಗೋ ಹೊಗೆಯಿಂದಲೇ ಒಂದು ಫ್ಯಾನ್ ತಿರುಗಿ ಇಂಜಿನ್ನಿಗೆ ಗಾಳಿ ಊದತ್ತೆ. ಬಿಟ್ಟಿ ಶಕ್ತಿ!"

ಊದಿದರೆ ಒಲೆಯಲ್ಲಿ ಸೌದೆ ಬೇಗ ಮುಗಿಯುತ್ತದೆ ಎಂಬುದು ನನಗೆ ಗೊತ್ತಿತ್ತು. ಇಂಜಿನ್ನಿನಲ್ಲಿ ಹಾಗಾಗುವುದಿಲ್ಲವೆಂದು ತಿಳಿದು ಸಂತೋಷವಾಯಿತು.

ಇಷ್ಟಕ್ಕೇ ನಿಂತಿದ್ದರೆ ರಾಡು ಹಿಡಿಸುತ್ತಿದ್ದವು, ಕಥೆ ಮುಗಿಯುತ್ತಿತ್ತು. ಆದರೆ ಅಳಿಯಂದಿರಿಗೆ ಒಬ್ಬ ಅಣ್ಣ ಇದ್ದಾರೆ. ನಿವೃತ್ತ ಗಣಿತ ಮೇಷ್ಟ್ರು. ತಮ್ಮ ಏನು ಕೊಂಡರೂ ಅದರಲ್ಲಿ ತಪ್ಪು ಹುಡುಕಿ ಕೆಂಪು ಗೆರೆ ಎಳೆಯದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಫೋನಿನಲ್ಲೇ ಹೇಳಿದರು: "ಅದು ಕುಡಿಯತ್ತೆ ಕಣೋ."

"ಇಲ್ಲಣ್ಣ. ಚಿಕ್ಕ ಕಾರಿಗಿಂತ ಒಂದು ಹನಿ ಜಾಸ್ತಿ ಕುಡಿದ್ರೆ ನನ್ನ ಹೆಸರು ಬದಲಾಯ್ಸು."

"ಯಾವ ಹೆಸರಿಡ್ಲಿ, ಈಗ್ಲೇ ಹೇಳಿಬಿಡು. ಆಮೇಲೆ ಗಲಾಟೆ ಬೇಡ."

ಹೀಗೆ ಸಾವಿರ ಕಿಲೋಮೀಟರಿನ ಪರೀಕ್ಷೆ ನಿಶ್ಚಯವಾಯಿತು. ಟ್ಯಾಂಕು ಕಂಠಪೂರ್ತಿ ತುಂಬಿಸುವುದು, ಓಡಿಸುವುದು, ಮತ್ತೆ ಕಂಠಪೂರ್ತಿ ತುಂಬಿಸುವುದು, ಹಿಡಿದ ಲೀಟರಿನಿಂದ ಓಡಿದ ದೂರವನ್ನು ಭಾಗಿಸುವುದು. ಚಿಕ್ಕ ಕಾರಿನ ಲೆಕ್ಕ ಆಗಲೇ ಇತ್ತು, ಬರೆದವಳು ನಾನೇ. ಮುಂದಿನ ಸೀಟಿನಲ್ಲಿ ಕೂತವರ ಕೆಲಸ ಅದು. ನಾನು ಸಂಜೆ ಶಾಲೆಗೆ ಹೋಗಿ ಭಾಗಾಕಾರ ಕಲಿತದ್ದು ತಲೆ ಹಣ್ಣಾದ ಮೇಲೆ, ಹಾಗಾಗಿ ಭಾಗಿಸಲು ಏನು ಸಿಕ್ಕರೂ ಬಿಡುತ್ತಿರಲಿಲ್ಲ. ಆರು ವರ್ಷದ ಸರಾಸರಿ, ಲೀಟರಿಗೆ ಹದಿನೇಳು ಕಿಲೋಮೀಟರು.

ಹದಿನೇಳನ್ನು ಹಿಡಿಯಲು ಅಳಿಯಂದಿರು ಪಟ್ಟ ಪಾಡು ಹೇಳತೀರದು. ಟಯರಿಗೆ ಗಾಳಿ ಹೊಡೆಸಿ ಹೊಡೆಸಿ ಕಲ್ಲು ಮಾಡಿದರು. ರಸ್ತೆಯಲ್ಲಿ ಕಡ್ಡಿ ಸಿಕ್ಕರೂ ನನ್ನ ಬೆನ್ನುಮೂಳೆಗೆ ಸುದ್ದಿ ಮುಟ್ಟುತ್ತಿತ್ತು. ಎ.ಸಿ. ನಿಷೇಧವಾಯಿತು. ಕಿಟಕಿ ತೆರೆದರೆ ಗಾಳಿ ಕಾರನ್ನು ತಡೆಯುತ್ತದೆಂದು ಕಿಟಕಿಯೂ ನಿಷೇಧ. ಒಳಗೆ ನಾವು ಹಬೆಯಲ್ಲಿಟ್ಟ ಹಾಗೆ ಬೇಯುತ್ತಿದ್ದೆವು. ಆಮೇಲೆ ತೂಕ. ಮ್ಯಾಟುಗಳು ಇಳಿದವು, ಜಾಕು ಇಳಿಯಿತು, ಸ್ಟೆಪ್ನಿ ಚಕ್ರ ಇಳಿದು ನಡುಮನೆಗೆ ಬಂತು. ಅದರ ಮೇಲೆ ಮಗಳು ಒಂದು ತುಂಡು ಬಟ್ಟೆ ಹೊದಿಸಿದಳು. ಬಂದವರು ಒಳ್ಳೆಯ ಸ್ಟೂಲು ಎಂದು ಕೂರುತ್ತಿದ್ದರು.

ಪೆಟ್ರೋಲ್ ಬಂಕಿನಲ್ಲಂತೂ ಕಾರಿನ ಮೂಲೆ ಹಿಡಿದು ಅಲ್ಲಾಡಿಸಿ, ಗುಳ್ಳೆ ಹೊರಬರಲೆಂದು ಕಾದು, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎನ್ನುವರು. ಬಂಕಿನವಳು ಎರಡು ಸಲ ಸುಮ್ಮನಿದ್ದಳು. ಮೂರನೆಯ ಸಲ, "ಸಾರ್, ಒತ್ತಿ ಒತ್ತಿ ತುಂಬೋಕೆ ಇದೇನು ದಿಂಬಾ?" ಎಂದಳು.

ಕೊನೆಗೆ ತೂಕದ ಕಣ್ಣು ನಮ್ಮ ಮೇಲೆ ಬಿತ್ತು. ಒಂದು ಬೆಳಿಗ್ಗೆ ಕೈ ಹಿಸುಕಿಕೊಳ್ಳುತ್ತ ಬಂದು ನಿಂತರು. "ಅತ್ತೆ, ತಪ್ಪು ತಿಳ್ಕೋಬೇಡಿ. ನಿಮ್ಮ ತೂಕ ಎಷ್ಟು?"

"ಗೊತ್ತಿಲ್ಲ ಅಳಿಯಂದ್ರೇ. ಯಾಕೆ, ಮಾರೋದಿದೆಯಾ?"

"ಛೆ ಛೆ. ಸುಮ್ನೆ, ಲೆಕ್ಕಕ್ಕೆ."

ಐವತ್ತೆಂಟು ಕಿಲೋ ಬಂದೆ. ಅವರು ಅದನ್ನು ಬರೆದುಕೊಂಡು ದುಃಖದಿಂದ ತಲೆಯಾಡಿಸಿದರು. ಅಂದಿನಿಂದ ಪುಸ್ತಕ ಬದಲಾಯಿಸಲು ಲೈಬ್ರರಿಗೆ, ಹಲ್ಲಿನ ಡಾಕ್ಟರ ಬಳಿಗೆ, ತರಕಾರಿಗೆ, ಎಲ್ಲಕ್ಕೂ ಕಾಲೇ ಗತಿ. ಕಾರು ಮಾತ್ರ ದಿನಾ ಬೆಳಿಗ್ಗೆ ಖಾಲಿ ಹೆದ್ದಾರಿಯಲ್ಲಿ ಒಂಟಿಯಾಗಿ ವಾಯುಸೇವನೆಗೆ ಹೋಗಿ ಬರುತ್ತಿತ್ತು. ಡ್ಯಾಶ್‌ಬೋರ್ಡಿನ ಪುಟ್ಟ ಪರದೆಯ ಮೇಲೆ ಹದಿನಾರು ಚುಕ್ಕಿ ಒಂಬತ್ತು ಎಂದು ತೋರಿಸಿದರೆ ಅಳಿಯಂದಿರ ಮುಖದಲ್ಲಿ ಬೆಳಕು. ಆನೆ ಕೊಂಡು ಸೊಪ್ಪು ಉಳಿಸುವುದೆಂದರೆ ಇದೇ.

ಅಷ್ಟರಲ್ಲಿ ಮಗಳಿಗೆ ಎರಡನೆಯ ದೊಡ್ಡ ಕೆಲಸ ಸಿಕ್ಕಿತು. ಪಕ್ಕದ ಊರಿನ ಹೊಸ ಗ್ರಂಥಾಲಯ. ಓದುವ ಹಾಲಿನ ಹನ್ನೊಂದು ಕಿಟಕಿ, ಇಪ್ಪತ್ತೆರಡು ಪರದೆ. ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಬಾಗಿಲು ತೆರೆಯುವುದು. ಅಷ್ಟರೊಳಗೆ ಎಲ್ಲ ನೇತಾಡುತ್ತಿರಬೇಕು. ಕ್ಲಿನಿಕ್ಕಿನ ಹಾಗೆ ಇದೂ ಕೈತಪ್ಪಿದರೆ ಮಗಳಿಗೆ ಮತ್ತೆ ಆ ಕಿಟಕಿಯಿಲ್ಲದ ಕೋಣೆಯೇ. ಹಳೆಯ ಅಂಗಡಿಯ ಯಜಮಾನ ದಾರಿಯಲ್ಲಿ ಸಿಕ್ಕಾಗಲೆಲ್ಲ, "ನಿನ್ನ ಕುರ್ಚಿ ಹಾಗೇ ಇಟ್ಟಿದೀನಮ್ಮ" ಎನ್ನುತ್ತಿದ್ದ. ಅವನು ಪ್ರೀತಿಯಿಂದ ಹೇಳಿದಷ್ಟೂ ಅವಳಿಗೆ ನಿದ್ದೆ ಕೆಡುತ್ತಿತ್ತು.

ಗುರುವಾರ ಸಂಜೆ ಅಣ್ಣ ಬಂದಿಳಿದರು, ಸಾಕ್ಷಿಗೆ. ಅವರೆದುರಿಗೇ ಟ್ಯಾಂಕು ತುಂಬಿಸಿಯಾಯಿತು. ಒಂಬೈನೂರ ಮೂವತ್ತೆಂಟು ಕಿಲೋಮೀಟರು ಆಗಿತ್ತು, ಅರವತ್ತೆರಡು ಬಾಕಿ. ಶನಿವಾರ ಬೆಳಿಗ್ಗೆ ಹೆದ್ದಾರಿಯಲ್ಲಿ ಮುಗಿಸುವುದೆಂದು ಅಣ್ಣತಮ್ಮಂದಿರ ಒಪ್ಪಂದ.

ಶುಕ್ರವಾರ ಎಂಟು ಗಂಟೆಗೆ ಮಗಳು ಪರದೆಯ ಗಂಟುಗಳನ್ನು ಅಂಗಳಕ್ಕೆ ತಂದಿಟ್ಟು, "ರೀ, ಕಾರು ತೆಗೀರಿ" ಎಂದಳು.

ಅಳಿಯಂದಿರು ಗಂಟು ನೋಡಿದರು, ರಾಡಿನ ಕಟ್ಟು ನೋಡಿದರು, ಏಣಿ ನೋಡಿದರು. ಮನೆಗೆ ಬೆಂಕಿ ಬಿದ್ದವರ ಹಾಗೆ ನಿಂತರು. "ಇವತ್ತಾ? ನಾಳೆ ಆದ್ರೆ ಆಗಲ್ವಾ? ಮುಂದಿನ ವಾರ ಎಷ್ಟು ಬೇಕಾದ್ರೂ ಹೊರೋಣ. ಇದು ನೂರ ಮೂವತ್ತು ಕಿಲೋ ಆಗತ್ತೆ ಕಣೇ!"

"ಬಾಗಿಲು ತೆರೆಯೋದು ಇವತ್ತು. ನಾಳೆ ಹೋಗಿ ಕಿಟಕಿಗೆ ಕ್ಷಮಾಪಣೆ ಕೇಳಿ ಬರ್ಲಾ?"

"ವ್ಯಾನ್ ಮಾಡ್ಕೊಳೋಣ."

"ವ್ಯಾನ್ ಬೇಡ ಅಂತಲ್ವಾ ಈ ವ್ಯಾನ್ ತಂದದ್ದು?"

"ಇದು ವ್ಯಾನಲ್ಲ, ಎಸ್ಟೇಟ್."

ನಡುಮನೆಯಲ್ಲಿ ಸ್ಟೆಪ್ನಿಯ ಮೇಲೆ ಕೂತು ಕಾಫಿ ಹೀರುತ್ತಿದ್ದ ಅಣ್ಣ, "ಹೊರಿಸೋ, ಹೊರಿಸು. ಕತ್ತೆಯ ಚಂದ ಹೊರೋದ್ರಲ್ಲೇ" ಎಂದು ಕೂಗಿದರು. ತಮ್ಮನ ಕಿವಿ ಕೆಂಪಾಯಿತು.

ನಾನು ಹಳೆಯ ಲೆಕ್ಕದ ಪುಸ್ತಕ ತೆಗೆದೆ. "ಅಳಿಯಂದ್ರೇ, ಒಂದು ಮಾತು. ಗ್ರಂಥಾಲಯಕ್ಕೆ ಹೋಗಿ ಬರೋಕೆ ಅರವತ್ತೆರಡು ಕಿಲೋಮೀಟರು. ಚಿಕ್ಕ ಕಾರಾದ್ರೆ ಮೂರು ಸುತ್ತು, ನೂರ ಎಂಬತ್ತಾರು. ಹದಿನೇಳರಿಂದ ಭಾಗಿಸಿದ್ರೆ ಹನ್ನೊಂದು ಲೀಟರು. ದೊಡ್ಡದು ಒಂದೇ ಸುತ್ತು. ಲೀಟರಿಗೆ ಹತ್ತೇ ಓಡ್ಲಿ ಪಾಪ, ಆರು ಲೀಟರು ಚಿಲ್ಲರೆ. ಹನ್ನೊಂದು ದೊಡ್ಡದೋ ಆರು ದೊಡ್ಡದೋ?"

ಅವರು ನನ್ನನ್ನು ಕನಿಕರದಿಂದ ನೋಡಿದರು. "ಅತ್ತೆ, ನೀವು ಹೇಳ್ತಿರೋದು ಪೆಟ್ರೋಲ್ ಉಳಿತಾಯ. ನಾವು ಮಾತಾಡ್ತಿರೋದು ಮೈಲೇಜು. ಎರಡೂ ಬೇರೆ."

ಇಂಥ ಸೂಕ್ಷ್ಮಗಳನ್ನು ಸಂಜೆ ಶಾಲೆಯಲ್ಲಿ ಹೇಳಿಕೊಟ್ಟಿರಲಿಲ್ಲ.

ನಾವು ಮಾತಾಡುತ್ತಿದ್ದಾಗಲೇ ಮಗಳು ಹಿಂದಿನ ಸೀಟನ್ನು ಅರ್ಧ ಮಡಚಿ, ಹನ್ನೊಂದು ರಾಡುಗಳನ್ನೂ ಉದ್ದಕ್ಕೆ ಮಲಗಿಸಿ, ಪರದೆಗಳನ್ನು ಸುಕ್ಕು ಬೀಳದ ಹಾಗೆ ಮೇಲೆ ಹಾಸಿಯಾಗಿತ್ತು. ಎಲ್ಲ ಹಿಡಿಸಿತು. ಇನ್ನೂ ಜಾಗವಿತ್ತು. ಉಳಿದ ಅರ್ಧ ಸೀಟಿನಲ್ಲಿ ಕೊಕ್ಕೆಯ ಡಬ್ಬಿಯ ಸಮೇತ ನನ್ನನ್ನೂ ಕೂರಿಸಿದಳು. ಅಳಿಯಂದಿರು ಓಡಿ ಬಂದು ಸ್ಟಿಯರಿಂಗ್ ಹಿಡಿದು ಕೂತರು. ಹೇಗೂ ಹೋಗುವುದಾದರೆ ನಾನೇ ಓಡಿಸುತ್ತೇನೆ, ನಾಜೂಕಾಗಿ ಎಂದರು.

ನಾಜೂಕೆಂದರೆ ಎಂಥ ನಾಜೂಕು! ಒಂದು ಲಾರಿಯ ಹಿಂದೆ, ಅದರ ಗಾಳಿಯ ಮರೆಯಲ್ಲಿ, ನಾಚಿಕೆಯ ಮದುವಣಗಿತ್ತಿಯ ಹಾಗೆ ಹೊರಟೆವು. ಮುಂದೆ ಉದ್ದದ ಏರು. ಆಕ್ಸಿಲರೇಟರಿನ ಮೇಲೆ ಕಾಲೊತ್ತಿದರೆ ಟರ್ಬೊ ಎಚ್ಚರವಾಗುತ್ತದಂತೆ, ಎಚ್ಚರವಾದರೆ ಪೆಟ್ರೋಲು ಕೇಳುತ್ತದಂತೆ. ಅದಕ್ಕೆ ಮಲಗಿದ ಮಗುವನ್ನು ದಾಟುವವರ ಹಾಗೆ ತುದಿಗಾಲಿನಲ್ಲಿ ಏರುತ್ತಿದ್ದೆವು. ಸೈಕಲ್ಲಿನಲ್ಲಿ ಅಂಚೆಯವರೊಬ್ಬರು ನಮ್ಮನ್ನು ದಾಟಿ ಹೋಗಿ, ಹಿಂತಿರುಗಿ ನೋಡಿ, ಏನಾದರೂ ಕೆಟ್ಟಿದೆಯೇ ಎಂದು ಸನ್ನೆಯಲ್ಲಿ ವಿಚಾರಿಸಿದರು.

ಒಂಬತ್ತೂ ಮುಕ್ಕಾಲಿಗೆ ಮಗಳ ಫೋನು ಬಡಿದುಕೊಂಡಿತು. ಗ್ರಂಥಾಲಯದ ಮೇಡಮ್ಮು. ಜೋರು ದನಿ, ನನಗೂ ಕೇಳಿಸಿತು. "ಎಲ್ಲಿದೀರಮ್ಮ? ಹಾಲಿನ ತುಂಬ ಬಿಸಿಲು. ಹತ್ತೂವರೆಗೆ ನೀವಿಲ್ಲಿ ಇಲ್ದಿದ್ರೆ ನಾನು ಆ ದೊಡ್ಡ ಅಂಗಡಿಯವ್ರಿಗೆ ಹೇಳ್ತೀನಿ. ಅವ್ರು ಬಾಡಿಗೆ ಪರದೆ ತಂದು ಹಾಕ್ತಾರಂತೆ." ಆ ದೊಡ್ಡ ಅಂಗಡಿ ಯಾವುದೆಂದು ಮಗಳು ಕೇಳಲಿಲ್ಲ. ನಾನೂ ಕೇಳಲಿಲ್ಲ.

ಫೋನಿಟ್ಟು ಅವಳು ಮೆಲ್ಲಗೆ ಹೇಳಿದಳು. "ರೀ, ಒತ್ತಿ."

"ಇದೊಂದು ಏರು ಮುಗೀಲಿ."

"ಒತ್ತಿ."

"ಹದಿನೈದೂವರೆ ತೋರಿಸ್ತಿದೆ ಕಣೇ, ಇಷ್ಟು ಭಾರದಲ್ಲೂ! ಈಗ ಒತ್ತಿದ್ರೆ..."

"ಪಕ್ಕಕ್ಕೆ ಹಾಕಿ. ಇಳೀರಿ."

ಅವಳು ಹೀಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವರೂ ಕೇಳಿರಲಿಲ್ಲವೆಂದು ಕಾಣುತ್ತದೆ, ಇಳಿದೇಬಿಟ್ಟರು.

ಮಗಳು ಕೂತಳು, ಸೀಟು ಮುಂದಕ್ಕೆಳೆದುಕೊಂಡಳು, ಒತ್ತಿದಳು. ಆ ಕಾರು ಒಂದು ತಿಂಗಳಿಂದ ಅದಕ್ಕೇ ಕಾದಿತ್ತೋ ಏನೋ. ನನ್ನ ಬೆನ್ನು ಸೀಟಿಗೆ ಅಂಟಿತು. ಲಾರಿ ಹಿಂದಾಯಿತು, ಅಂಚೆಯವರು ಹಿಂದಾದರು, ಏರು ಏರಿದ್ದೇ ಗೊತ್ತಾಗಲಿಲ್ಲ. ಅಳಿಯಂದಿರು ಮಾತ್ರ ಡ್ಯಾಶ್‌ಬೋರ್ಡಿನ ಪರದೆಯನ್ನೇ ನೋಡುತ್ತ, ಜ್ವರ ಇಳಿಯುತ್ತಿರುವ ರೋಗಿಯದಲ್ಲ, ನಾಡಿ ಇಳಿಯುತ್ತಿರುವ ರೋಗಿಯ ಲೆಕ್ಕ ಹೇಳುವವರ ಹಾಗೆ, "ಹದಿಮೂರು... ಹನ್ನೊಂದು... ಅಯ್ಯೋ, ಒಂಬತ್ತು" ಎನ್ನುತ್ತಿದ್ದರು.

ಹತ್ತೂ ಇಪ್ಪತ್ತಕ್ಕೆ ಗ್ರಂಥಾಲಯದ ಮೆಟ್ಟಿಲ ಮುಂದೆ ನಿಂತೆವು.

ಆಮೇಲಿನ ಮೂರು ಗಂಟೆ ನಾನು ಕೊಕ್ಕೆ ಸಿಕ್ಕಿಸುತ್ತ ಕೂತಿದ್ದೆ, ಪರದೆಗೆ ಹದಿನೆಂಟರಂತೆ. ಮಗಳು ಗೋಡೆಗೆ ಗುರುತು ಹಾಕಿ, ಮಟ್ಟ ಹಿಡಿದು, ತೂತು ಕೊರೆದು, ರಾಡು ಕೂರಿಸಿದಳು. ಅಳಿಯಂದಿರು ಏಣಿ ಹಿಡಿದರು. ಸುಳ್ಳು ಹೇಳಬಾರದು, ಏಣಿ ಹಿಡಿಯುವುದರಲ್ಲಿ ಅವರಿಗೆ ಸಮಾನರಿಲ್ಲ. ಅದಕ್ಕೆ ಪೆಟ್ರೋಲೂ ಬೇಡ. ಒಂದೂವರೆಗೆ ಹನ್ನೊಂದನೆಯ ಕಿಟಕಿಯ ಪರದೆ ಎಳೆದಾಗ ಹಾಲಿನ ಬಿಸಿಲು ಸೋಸಿದಂತೆ ಮೆತ್ತಗಾಯಿತು. ಮೇಡಮ್ಮು ಒಂದು ಪರದೆಯ ಅಂಚು ಹಿಡಿದು ಹೊಲಿಗೆ ತಿರುಗಿಸಿ ನೋಡಿದರು, ಮತ್ತೊಂದರ ಮಡಿಕೆ ಎಣಿಸಿದರು.

"ಮೇಲಿನ ಮಹಡೀಲಿ ಹದಿನಾಲ್ಕು ಕಿಟಕಿ ಇದೆ. ಬಂದಿರೋ ಹೊತ್ತಿಗೆ ಅಳತೆ ತಗೊಂಡೇ ಹೋಗಿ" ಎಂದರು.

ಮಗಳು ಟೇಪು ಹಿಡಿದು ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು.

ಮನೆಯ ಹತ್ತಿರದ ಬಂಕಿಗೆ ಬಂದಾಗ ಮೀಟರು ಸರಿಯಾಗಿ ಸಾವಿರ ತೋರಿಸುತ್ತಿತ್ತು. ಫೋನು ಮಾಡಿದ್ದಕ್ಕೆ ಅಣ್ಣ ಕೆಂಪು ಪೆನ್ನಿನ ಸಮೇತ ನಡೆದು ಬಂದಿದ್ದರು. ಆರೂವರೆ ಲೀಟರು ಹಿಡಿಯಿತು. ಅಣ್ಣ ತಿಂಗಳ ಪೆಟ್ರೋಲ್ ಚೀಟಿಗಳನ್ನೆಲ್ಲ ಕೂಡಿದರು. ಎಪ್ಪತ್ತೈದೂವರೆ ಲೀಟರು. "ಲೀಟರಿಗೆ ಹದಿಮೂರೂ ಕಾಲು. ಹೆಸರು ಏನಂತ ಇಡ್ಲಿ?"

"ಇವತ್ತಿನದು ಲೆಕ್ಕಕ್ಕೆ ಹಿಡಿಯೋ ಹಾಗಿಲ್ಲ" ಎಂದರು ಅಳಿಯಂದಿರು. "ಭಾರ ಇತ್ತು. ಅತ್ತೆ ಇದ್ರು. ಇವಳು ಒತ್ತಿದ್ಲು."

"ಆಯ್ತಪ್ಪ, ಇವತ್ತಿಂದು ತೆಗೆದೆ." ಅಣ್ಣ ಮತ್ತೆ ಭಾಗಿಸಿದರು. "ಹದಿಮೂರೂವರೆ. ನಿನ್ನ ಡ್ಯಾಶ್‌ಬೋರ್ಡು ಹೇಳಿದ್ದೆಲ್ಲ ಸುಳ್ಳು. ಮೂವತ್ತು ದಿನ ಕಾರನ್ನ ಉಪವಾಸ ಕೆಡವಿ ನೀನು ಉಳಿಸಿದ್ದು ಕಾಲು ಕಿಲೋಮೀಟರು ಕಣೋ."

ಅಳಿಯಂದಿರು ಅಣ್ಣನ ಕೈಯಿಂದ ಚೀಟಿಗಳನ್ನು ಕಸಿದು ತಾವೇ ಭಾಗಿಸಿ ನೋಡಿದರು. ನನಗೂ ಪಾಪ ಎನಿಸಿತು. ಆಮೇಲೆ, ಇಬ್ಬರು ಡ್ರೈವರು ಓಡಿಸಿದ ಪರೀಕ್ಷೆ ಪರೀಕ್ಷೆಯೇ ಅಲ್ಲ, ಮೊದಲಿನಿಂದ ಶುರುಮಾಡಬೇಕು ಎಂದರು.

"ಮಾಡಿ, ಯಾರು ಬೇಡ ಅಂದ್ರು?" ಮಗಳು ಕಾರಿನ ಕೀಲಿಯನ್ನು ತನ್ನ ಟೇಪು, ಸೀಮೆಸುಣ್ಣ, ಗುಂಡುಪಿನ್ನಿನ ಚೀಲಕ್ಕೆ ಹಾಕಿಕೊಂಡಳು. "ಮೇಲಿನ ಮಹಡಿ ಮುಗಿಯೋಕೆ ಎರಡು ತಿಂಗಳು. ಆಮೇಲೆ ಅವ್ರ ಆಫೀಸು ಅಂತೆ. ನಡುವೆ ಯಾವ್ದಾದ್ರೂ ಭಾನುವಾರ ಬಿಡುವಾದ್ರೆ ನಾನೇ ಕೀಲಿ ಕೊಡ್ತೀನಿ ರೀ. ಕೇಳಿ ತಗೊಳ್ಳಿ."