ಎಡೆಗಿಟ್ಟ ವೇಷ

ಸತ್ತ ಮಗನಿಗೆಂದು ನಮ್ಮವ್ವ ಬೋರಮ್ಮ ತಂದ ಪ್ಯಾಂಟಿನ ಸೊಂಟ ಮೂವತ್ತನಾಲ್ಕು. ನನ್ನಣ್ಣ ಸೀನನ ಸೊಂಟ ಇಪ್ಪತ್ತೆಂಟು, ಅದೂ ಬೆಲ್ಟು ಬಿಗಿದರೆ ಮಾತ್ರ ನಿಲ್ಲುತ್ತಿತ್ತು.

ಪಕ್ಷದ ಹಬ್ಬದ ದಿನ ಸತ್ತವರಿಗೆ ಎಡೆ ಇಡುವಾಗ ಹೊಸ ಬಟ್ಟೆಯನ್ನೂ ಇಡುವುದು ನಮ್ಮ ಕಡೆಯ ರೂಢಿ. ಅವರು ಬಂದು ಉಂಡು ಹೋಗಲಿ ಎಂದು ಬಾಗಿಲು ಮುಚ್ಚಿ, ಎಲ್ಲರೂ ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂರುತ್ತೇವೆ. ಆಮೇಲೆ ಆ ಬಟ್ಟೆಯನ್ನು ಮನೆಯಲ್ಲಿ ಯಾರಿಗೆ ಸರಿಹೋಗುತ್ತದೋ ಅವರು ಹಾಕಿಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಉಳಿದಿದ್ದ ಹುಡುಗ ಎಂದರೆ ಚಿಕ್ಕಪ್ಪನ ಮಗ ಅಶ್ವಥ್ ಒಬ್ಬನೇ. ಅವ್ವ ಅಂಗಡಿಯಲ್ಲಿ ಸೀನನ ಹೆಸರು ಹೇಳಿಕೊಂಡು ಅತ್ತು, ಅಶ್ವಥನ ಅಳತೆ ಕೊಟ್ಟು ಬಂದಿದ್ದಳು.

ಅದು ಸೀನ ಹೋದ ಮೊದಲ ವರ್ಷ. ಅಶ್ವಥ್ ಬಾಗಿಲು ತೆರೆಯುತ್ತಲೇ ಒಳಗೆ ಹೋಗಿ ಆ ಪ್ಯಾಂಟು ಶರ್ಟು ಹಾಕಿಕೊಂಡು ಬಂದ. ಇಸ್ತ್ರಿಯ ಮಡಿಕೆಯೂ ಬಿಚ್ಚಿರಲಿಲ್ಲ. ಎಲ್ಲರೂ ಚೆನ್ನಾಗಿದೆ ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು.

ಬರೀ ಬಟ್ಟೆಯ ವಿಷಯವಾಗಿದ್ದರೆ ನುಂಗಿಕೊಳ್ಳುತ್ತಿದ್ದೆ. ನಮ್ಮೂರು ಕೆಂಗಲ್ ಹಿಂದೆ. ಹೆದ್ದಾರಿ ಪಕ್ಕದ ನಮ್ಮ ಹಿಪ್ಪುನೇರಳೆ ತೋಟ ಫ್ಯಾಕ್ಟರಿಗೆ ಹೋದಾಗ, ಜಮೀನು ಬಿಟ್ಟ ಮನೆಗೊಂದು ಕೆಲಸ ಎಂದಿದ್ದರು. ಆ ಕೆಲಸಕ್ಕೆ ಸೀನ ಸೇರಿದ. ಒಂದು ಬೆಳಗಿನ ಜಾವ ಡ್ಯೂಟಿ ಮುಗಿಸಿ ಬರುವಾಗ ಆಂಜನೇಯನ ಗುಡಿ ಹತ್ತಿರ ದೀಪವಿಲ್ಲದೆ ನಿಂತಿದ್ದ ಲಾರಿಗೆ ಗುದ್ದಿದ. ಬೈಕಿಗೆ ಹ್ಯಾಂಡಲ್ ಸೊಟ್ಟಗಾಗಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ತಿಥಿ ಮುಗಿಯುವಷ್ಟರಲ್ಲಿ ಆ ಕೆಲಸ ಅಶ್ವಥನಿಗೆ ಎಂದು ನಮ್ಮಪ್ಪ ಚೆಲುವಯ್ಯ ತೀರ್ಮಾನ ಮಾಡಿಬಿಟ್ಟಿದ್ದರು. ಬಿ.ಕಾಂ. ಮುಗಿಸಿದ ಮಗಳೊಬ್ಬಳು ಮನೆಯಲ್ಲೇ ಕೂತಿದ್ದಾಳೆ ಅನ್ನುವುದು ಅವರಿಗೆ ಹೊಳೆಯಲೇ ಇಲ್ಲ. ನಾನೇ ಬಾಯಿಬಿಟ್ಟು ಕೇಳಿದೆ.

"ಹೆಣ್ಮಗ ನೀನು, ಫ್ಯಾಕ್ಟ್ರಿಗ್ ಕಳ್ಸಕ್ಕಾಯ್ತದಾ?" ಅಂದರು. ಅಷ್ಟೇ. ಹ್ಯಾಂಡಲ್ ರಿಪೇರಿ ಮಾಡಿಸಿ ಬೈಕೂ ಅವನಿಗೇ ಕೊಟ್ಟರು. ಸೀನನ ಕಬ್ಬಿಣದ ಮೂತಿಯ ಫ್ಯಾಕ್ಟರಿ ಶೂ ಕೂಡ ಅವನ ಕಾಲಿಗೇ ಹೋಯಿತು. ಅಶ್ವಥ್ ಕೆಟ್ಟವನಲ್ಲ, ಅದು ನನಗೂ ಗೊತ್ತು. ಕೊಟ್ಟದ್ದನ್ನು ತೆಗೆದುಕೊಳ್ಳುವುದು ಬಿಟ್ಟು ಅವನು ಏನೂ ಮಾಡಲಿಲ್ಲ. ಕೆಟ್ಟವನಾಗಿದ್ದರೆ ಜಗಳವಾಡಿ ಹಗುರವಾಗಬಹುದಿತ್ತು.

ಎರಡನೇ ವರ್ಷ ಪಕ್ಷ ಹತ್ತಿರ ಬಂದಾಗ ಅವ್ವ ಮತ್ತೆ ಚೀಲ ಹಿಡಿದು ಹೊರಟಳು. ನಾನು ಅಡ್ಡ ನಿಂತೆ.

"ಸೀನಣ್ಣನಿಗೆ ಏನು ಆಸೆ ಇತ್ತೋ ಅದ್ನ ತಂದು ಮಡಗವ್ವ. ಅಶ್ವಥನ ಸೊಂಟಕ್ಕೆ ಹೊಂದೋದ್ನಲ್ಲ."

"ಏನಿತ್ತು ಅವನಿಗೆ ಆಸೆ? ಬಾಯ್ಬುಟ್ಟು ಕೇಳ್ದೋನಾ ಅವ್ನು?"

ನನ್ನ ಹತ್ತಿರ ಕೇಳಿದ್ದ. ರಾಮನಗರದ ಬಸ್‌ಸ್ಟ್ಯಾಂಡ್ ಹಿಂದೆ ವಹಾಬಣ್ಣನ ಸೈಬರ್ ಇದೆ. ಭಾನುವಾರ ಸೀನ ಅಲ್ಲಿ ಕಂಪ್ಯೂಟರ್ ಮುಂದೆ ಕೂತು, ಕತ್ತಿ ಹಿಡಿದು ಊರೂರು ಸುತ್ತುವ ಒಂದು ಆಟ ಆಡುತ್ತಿದ್ದ. ಅದರಲ್ಲಿ ಅವನ ಹೆಸರು ಕಬ್ಬಾಳು ಹುಲಿ. ಅವ್ವನ ತವರು ಕಬ್ಬಾಳು, ಅದಕ್ಕೆ. ಪುಕ್ಕಟೆ ಆಡುವವರಿಗೆಲ್ಲ ಆ ಆಟದಲ್ಲಿ ಒಂದೇ ಬೂದು ಅಂಗಿ. ದುಡ್ಡು ಕೊಟ್ಟರೆ ಕೆಂಪು ಮತ್ತು ಚಿನ್ನದ ಬಣ್ಣದ, ಹೆಗಲಿಂದ ಇಳಿಬಿದ್ದ ಶಲ್ಯದ ವೇಷ ಸಿಗುತ್ತಿತ್ತು. ನನ್ನನ್ನು ಒಮ್ಮೆ ಕರೆದುಕೊಂಡು ಹೋಗಿ ತೋರಿಸಿದ್ದ. "ಫ್ಯಾಕ್ಟ್ರೀಲೂ ಬೂದು, ಇಲ್ಲೂ ಬೂದು ಕಣೆ ವನಜ. ತಕ್ಕಳ್ಳಾ?" ಅಂದಿದ್ದ. ತಗೋ ಅಂದೆ. ತಲೆ ಕೆರೆದುಕೊಂಡು ನಕ್ಕ. ಸಂಬಳದ ಕವರು ಒಡೆಯದೆ ಅಪ್ಪನ ಕೈಗೆ ಹೋಗುತ್ತಿತ್ತು. ಒಂದು ಜೊತೆ ಪ್ಯಾಂಟು ಶರ್ಟಿನ ಬೆಲೆಯ ಆಸೆಯನ್ನು ಅವನು ಹಾಗೇ ಇಟ್ಟುಕೊಂಡು ಸತ್ತ.

ಇದನ್ನೆಲ್ಲ ಹೇಳಿದಾಗ ಅವ್ವ ಹೊಸ್ತಿಲ ಮೇಲೇ ಕೂತಳು.

"ಉಡಕ್ಕಾಗ್ದಿರೋ ಬಟ್ಟೆ ಅವನಿಗೆ ಮುಟ್ತದಾ ವನಜ?"

"ಅವನಿಗೂ ಮೈ ಇಲ್ವಲ್ಲವ್ವ."

ಅವ್ವ ಚೀಲದೊಳಗಿನ ದುಡ್ಡನ್ನು ನನ್ನ ಕೈಗೆ ಹಾಕಿದಳು. ಅಪ್ಪನಿಗೆ ಹೇಳಬೇಡ ಅಂದಳು.

ವಹಾಬಣ್ಣ ನ್ಯಾಯವಂತ. ಸೀನನ ಹೆಸರು ಕೇಳಿ ಎದ್ದು ನಿಂತು, ತಾನೇ ಕುರ್ಚಿ ಒರೆಸಿ ಕೂರಿಸಿದರು. ನಾನು ಕೇಳಿದ್ದು ಗೊತ್ತಾದಾಗ ಮಾತ್ರ ತಲೆ ಅಲ್ಲಾಡಿಸಿದರು.

"ದಂಡ ಕಣಮ್ಮ. ಅದ್ನ ಹಾಕ್ಕೊಂಡ್ರೆ ಶಕ್ತಿ ಜಾಸ್ತಿ ಆಗಲ್ಲ, ಏನೂ ಆಗಲ್ಲ. ಬರೀ ನೋಡಕ್ಕೆ. ನನ್ನ ವ್ಯಾಪಾರಾನೇ ಅದು, ಆದ್ರೂ ಹೇಳ್ತೀನಿ, ದುಡ್ಡು ಹಾಳು."

"ಆಮೇಲೆ ಬೇರೆ ಯಾರಿಗಾದ್ರೂ ಬಿಚ್ಚಿ ಕೊಡಬಹುದಾ?"

"ಅದೇ ನೋಡು ಇನ್ನೊಂದು. ಕೊಡಕ್ಕಾಗಲ್ಲ, ಮಾರಕ್ಕಾಗಲ್ಲ. ಯಾರ ಹೆಸರಿಗೆ ತಗೊಂಡ್ರೋ ಅವರ ಮೈಗೇ ಅಂಟ್ಕೊಂಡ್‌ಬಿಡ್ತದೆ."

ನನಗೆ ಬೇಕಾಗಿದ್ದದ್ದೇ ಅದು. ಈ ಭೂಮಿಯ ಮೇಲೆ ಅಶ್ವಥನ ಸೊಂಟಕ್ಕೆ ಹೊಂದದ ಬಟ್ಟೆ ಒಂದಾದರೂ ಇದೆಯಲ್ಲ! ಆಟಕ್ಕೆ ದುಡ್ಡು ತುಂಬುವ ಕಾರ್ಡು ಕೊಂಡು ಉಗುರಿನಿಂದ ಉಜ್ಜಿ ನಂಬರ್ ಹೊಡೆದೆ. ಪಾಸ್‌ವರ್ಡು ಸೀನ ಅವತ್ತೇ ಹೇಳಿದ್ದ, ನಮ್ಮ ಮನೆಯ ಹಸುವಿನ ಹೆಸರು, ಗೌರಿ. ಹುಲಿ ಕೋಟೆ ಬಾಗಿಲ ಹತ್ತಿರ, ಬೂದು ಅಂಗಿಯಲ್ಲಿ ನಿಂತಿದ್ದ. ಆ ಆಟದಲ್ಲಿ ಸುಮ್ಮನೆ ನಿಂತವನ ಎದೆಯೂ ಮೆಲ್ಲಗೆ ಏರಿ ಇಳಿಯುತ್ತದೆ. ಅದನ್ನೇ ನೋಡುತ್ತಾ ಎರಡು ಸಲ ತಪ್ಪು ಒತ್ತಿದೆ. ಕೊನೆಗೆ ಕೆಂಪು ವೇಷ ಮೈಮೇಲೆ ಬಂತು. ಎಷ್ಟು ಚೆನ್ನಾಗಿ ಕಂಡ! ವಹಾಬಣ್ಣ ಕೇಳದೆಯೇ ಕಲರ್ ಪ್ರಿಂಟ್ ತೆಗೆದುಕೊಟ್ಟರು, ದುಡ್ಡು ಮುಟ್ಟಲಿಲ್ಲ.

ಹಬ್ಬದ ದಿನ ಕೋಳಿ ಸಾರು, ಮುದ್ದೆ, ಕಜ್ಜಾಯದ ಪಕ್ಕ ಆ ಕಾಗದ ಇಟ್ಟೆವು. ಅಪ್ಪ ನೋಡಿ, "ಇದೇನ್ ಬೊಂಬೆ?" ಅಂದರು. ಅವ್ವ ಮೊದಲ ಸಲ ಅವರಿಗೆ ಉತ್ತರ ಕೊಡದೆ ವಿಭೂತಿ ಇಟ್ಟಳು. ಅಶ್ವಥ್ ಕೈ ಮುಗಿದು ಕೂತವನು ಆ ಕಾಗದವನ್ನೇ ದಿಟ್ಟಿಸುತ್ತಿದ್ದ, ಏಳಲೇ ಇಲ್ಲ. ಪರವಾಗಿಲ್ಲ, ಇವನಿಗೂ ಅಣ್ಣನ ನೆನಪಿದೆ ಅಂದುಕೊಂಡೆ. ಒಂದು ಕ್ಷಣ ಅವನ ಮೇಲಿನ ಸಿಟ್ಟೂ ಇಳಿದಿತ್ತು. ಬಾಗಿಲು ತೆರೆದಾಗ ಯಾರೂ ಏನನ್ನೂ ಹಾಕಿಕೊಳ್ಳಲಿಲ್ಲ. ಅವತ್ತು ಹೊಟ್ಟೆತುಂಬ ಉಂಡೆ.

ಮುಂದಿನ ಭಾನುವಾರ ಹುಲಿಯನ್ನು ನೋಡಿ ಬರೋಣ ಅನ್ನಿಸಿತು. ಅವ್ವನೂ ಹೋಗಿ ಬಾ ಅಂದಳು. "ಅದು ಅವನ ಮೈ ಮ್ಯಾಲೇ ಐತಾ ನೋಡ್ಕೊಂಡು ಬಾ" ಅಂದಳು.

ವಹಾಬಣ್ಣನ ಸೈಬರಿನಲ್ಲಿ ಚಪ್ಪಲಿ ಬಾಗಿಲಲ್ಲೇ ಬಿಡಬೇಕು. ಅಲ್ಲಿ ಸೀನನ ಶೂ ಇದ್ದವು. ಕಬ್ಬಿಣದ ಮೂತಿ ಸವೆದು ಹೊಳೆಯುತ್ತಿತ್ತು. ಮೊದಲೆಲ್ಲ ಆ ದಾರಿಯಲ್ಲಿ ಹೋಗುವಾಗ ಬಾಗಿಲಲ್ಲಿ ಆ ಶೂ ಕಂಡರೆ ಸೀನ ಒಳಗಿದ್ದಾನೆ ಎಂದು ಗೊತ್ತಾಗುತ್ತಿತ್ತು.

ಪ್ಲೈವುಡ್ ಗೂಡಿನೊಳಗೆ ಅಶ್ವಥ್ ಫ್ಯಾಕ್ಟರಿ ಅಂಗಿಯಲ್ಲೇ ಕೂತಿದ್ದ. ಪರದೆಯ ಮೇಲೆ ಕೆಂಪು ಶಲ್ಯ ಹಾರಿಸಿಕೊಂಡು ಕಬ್ಬಾಳು ಹುಲಿ ಯಾರನ್ನೋ ಕತ್ತರಿಸುತ್ತಿದ್ದ.

"ಬಾ ವನಜಕ್ಕ! ನೋಡು, ಎಂಗೈತೆ! ಎಲ್ರೂ ನಿಂತ್ಕಂಡು ನೋಡ್ತಾವ್ರೆ. ದೊಡ್ಡವ್ವ ಇದ್ನ ಕೊಡುಸ್ತಾರೆ ಅಂತ ಯಾರೂ ಏಳ್ಲೇ ಇಲ್ಲ ನಂಗೆ."

"ನಿಂಗೆ ಕೊಡ್ಸಿದ್ದು ಅಂತ ಯಾರ್ಲಾ ಏಳಿದ್ದು?"

ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಎಡೆಗಿಟ್ಟ ಬಟ್ಟೆ ನಾನೇ ಅಲ್ವಾ ಆಕ್ಕಳ್ಳಾದು?" ಅಂದ. "ಪಾಸ್‌ವರ್ಡು ಅಣ್ಣ ಇದ್ದಾಗ್ಲೇ ಏಳಿದ್ದ. ಇಬ್ರೂ ಆಡ್ತಿದ್ವಲ್ಲ."

ಏಳು ಮೇಲೆ ಎಂದು ಕಿರುಚಿದೆ. ಅಕ್ಕಪಕ್ಕದ ಗೂಡಿನವರೆಲ್ಲ ಇಣುಕಿದರು. ವಹಾಬಣ್ಣ ಓಡಿ ಬಂದರು. ಪಾಸ್‌ವರ್ಡು ಬದಲಾಯಿಸಿಕೊಡಿ ಅಂದೆ. ಅದಕ್ಕೆ ಸೀನನ ಈಮೇಲ್ ತೆರೆಯಬೇಕು, ಅದು ಯಾರಿಗೂ ಗೊತ್ತಿಲ್ಲ ಅಂದರು. ಹಾಗಾದರೆ ವೇಷ ಕಿತ್ತುಹಾಕಿ ಅಂದೆ.

"ಕೀಳಕ್ಕಾಗಲ್ಲಮ್ಮ. ಹುಲಿಯನ್ನೇ ಅಳಿಸಬಹುದು. ಅಳಿಸಿದ್ರೆ ಅವನೂ ಇಲ್ಲ, ವೇಷಾನೂ ಇಲ್ಲ."

ಅಶ್ವಥನನ್ನು ಎಬ್ಬಿಸಿ ಕೂತೆ. ಅಳಿಸುವ ಗುಂಡಿ ಒತ್ತಿದೆ. ನಿಜವಾಗಿಯೂ ಅಳಿಸಬೇಕೇ ಎಂದು ಆಟ ಇನ್ನೊಮ್ಮೆ ಕೇಳಿತು. ಆ ಪ್ರಶ್ನೆಯ ಹಿಂದೆ ಹುಲಿ ನನ್ನ ಕಡೆ ಮುಖ ಮಾಡಿ ನಿಂತಿದ್ದ, ಎದೆ ಮೆಲ್ಲಗೆ ಏರಿ ಇಳಿಯುತ್ತಿತ್ತು. ಸೀನನ ಎದೆ ನಿಂತದ್ದನ್ನು ನಾನು ಆಸ್ಪತ್ರೆಯಲ್ಲಿ ಕಣ್ಣಾರೆ ಕಂಡಿದ್ದೆ. ಇದನ್ನೂ ನನ್ನ ಕೈಯಿಂದಲೇ ನಿಲ್ಲಿಸಬೇಕೇ? ಬೇಡ ಎಂದು ಒತ್ತಿದೆ.

ಹಿಂದೆ ನಿಂತಿದ್ದ ಅಶ್ವಥ್ ಪಾಪ, ಹೆದರಿಕೊಂಡೇ ಕೇಳಿದ. "ಅಕ್ಕ, ಒಸಿ ಬುಡ್ತೀಯಾ? ದುಡ್ಡು ಕೊಟ್ಟಿರೋ ಗಂಟೆ ಓಡ್ತಾ ಐತೆ."

ಎದ್ದೆ. ಕೆಲಸ ಬಿಟ್ಟಂತೆ, ಬೈಕು ಬಿಟ್ಟಂತೆ, ಆ ಕುರ್ಚಿಯನ್ನೂ ಅವನಿಗೆ ಬಿಟ್ಟು ಬಂದೆ. ಅಳತೆ ಇರುವ ಬಟ್ಟೆಯಾದರೂ ಯಾರೋ ಒಬ್ಬರಿಗೆ ಆಗುವುದಿಲ್ಲ. ಈ ಹಾಳು ವೇಷ, ಕುರ್ಚಿಯಲ್ಲಿ ಯಾರು ಕೂತರೂ ಸರಿಹೋಗುತ್ತಿತ್ತು.

ಅವ್ವ ಜಗಲಿಯಲ್ಲೇ ಕಾಯುತ್ತಿದ್ದಳು. "ಯಾರೂ ಬಿಚ್ಚಿಲ್ಲ ತಾನೇ?"

"ಇಲ್ಲ ಕಣವ್ವ."

ಆ ವರ್ಷವೆಲ್ಲ ಅವಳು ಆ ಕಾಗದವನ್ನು ದೇವರ ಪಟದ ಪಕ್ಕ ಅಂಟಿಸಿಕೊಂಡು, ಬಂದವರಿಗೆಲ್ಲ ತೋರಿಸಿದಳು. ಅಶ್ವಥ್ ಬಂದಾಗಲೂ ತೋರಿಸಿದಳು. ಅವನು ನನ್ನ ಮುಖ ನೋಡಿ, ಕಾಗದಕ್ಕೆ ಕೈ ಮುಗಿದ.

ಮತ್ತೆ ಪಕ್ಷ ಬಂತು. ಅವ್ವ ಚೀಲ ಹಿಡಿದು ನನ್ನ ಮುಂದೆ ನಿಂತಳು. ಕಣ್ಣಲ್ಲಿ ಒಂದು ಹೊಳಪಿತ್ತು. "ಈ ಸಲ ಏನ್ ತರಾನ ಅವನಿಗೆ? ನೀನೇ ಏಳು."

"ಪ್ಯಾಂಟು ಶರ್ಟು ತಕಂಬಾ," ಅಂದೆ. "ಮೂವತ್ತಾರು ಸೊಂಟ. ಅಶ್ವಥ್ ದಪ್ಪ ಆಗವ್ನೆ."