ಐದು ದಾಟಬಾರದ ಲೆಕ್ಕ

ಏಳು ಬಂತು. ಅರಾಬಾ ಕ್ಯಾಲ್ಕ್ಯುಲೇಟರನ್ನು ಲಂಗಕ್ಕೆ ಒರೆಸಿ ಮತ್ತೆ ಒತ್ತಿದಳು. ಮತ್ತೂ ಏಳೇ.

ಕಂಪ್ರೆಸರ್ ತಿನ್ನುವ ಒಂದು ಪಾಲು ಕರೆಂಟಿಗೆ ಶೈತ್ಯಾಗಾರದಿಂದ ಎಷ್ಟು ಪಾಲು ಶಾಖ ಹೊರಬಿತ್ತು ಅನ್ನುವ ಲೆಕ್ಕ ಅದು. ಒಳಗಿನ ಚಳಿ, ಹೊರಗಿನ ಸೆಕೆ ನೋಡಿದರೆ ಎಂಥ ಯಂತ್ರಕ್ಕೂ ಐದು ದಾಟಲು ಸಾಧ್ಯವಿಲ್ಲ. ಈ ಮುದಿ ಯಂತ್ರಕ್ಕೆ ಮೂರು ಬಂದರೆ ಅದೇ ಪುಣ್ಯ. ಏಳಂತೆ ಏಳು! ಒಳಗೆ ನೋಡಿದರೆ ಮಂಜುಗಡ್ಡೆ ಬೆವರುತ್ತಿದೆ. ಅವಳು ಕೊಳವೆಯಲ್ಲಿ ಹರಿದು ತಂಪು ಮಾಡುವ ಗ್ಯಾಸಿನ ಒತ್ತಡ-ಉಷ್ಣತೆಯ ಪಟ್ಟಿ ತೆಗೆದು, ಮಾಪಕ ತೋರಿಸುವ ಒತ್ತಡಕ್ಕೆ ಇರಬೇಕಾದ ಉಷ್ಣತೆ ಎಷ್ಟೆಂದು ನೋಡಿದಳು. ಥರ್ಮಾಮೀಟರು ಬೇರೆಯೇ ಹೇಳುತ್ತಿತ್ತು. ಲೆಕ್ಕ ಸರಿಯಾಗಿತ್ತು, ಪಟ್ಟಿಯೂ ಸರಿಯಾಗಿತ್ತು. ಕೊಳವೆಯೊಳಗೆ ಇದ್ದದ್ದು ಮಾತ್ರ ಆ ಗ್ಯಾಸಲ್ಲ, ಯಾವುದೋ ಕಲಬೆರಕೆ.

ಅದನ್ನು ತಂದು ತುಂಬಿಸಿದ್ದು ಅವಳ ಅಣ್ಣ ಕ್ವಾಮೆನಾ. ದೋಣಿಯಲ್ಲಿ ಬಲೆ ಎಳೆದೆಳೆದು ಅವಳನ್ನು ಎಂಜಿನಿಯರ್ ಮಾಡಿದವನು, ಈಗ ಕಡಲೂರು ಎಲ್ಮಿನಾದ ಈ ಶೈತ್ಯಾಗಾರದ ಮೇಲ್ವಿಚಾರಕ. ಅಂಗೈಯ ಜಡ್ಡು ಇನ್ನೂ ಹೋಗಿರಲಿಲ್ಲ.

"ಅಣ್ಣ, ಈ ಸಿಲಿಂಡರ್ ಎಲ್ಲಿಂದ ತಂದೆ?"

"ಎಲ್ಲಿಂದ ತಂದ್ರೇನೇ? ಊರೆಲ್ಲ ಅದನ್ನೇ ತುಂಬಿಸ್ಕೊಳ್ಳುತ್ತೆ." ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಮೂರು ಅಂತ ಹೇಳ್ಬಿಡು ಕಂದಾ, ನಿನ್ನ ದಮ್ಮಯ್ಯ. ಗೊತ್ತಾದ್ರೆ ಈ ಮೀನು ಮಾರೋ ಹೆಂಗಸರು ನನ್ನ ಚರ್ಮ ಸುಲೀತಾರೆ, ಕೆಲಸಾನೂ ಹೋಗುತ್ತೆ."

"ಮೀನು ಕೊಳೆತು ಹೋಗುತ್ತಲ್ಲೋ!"

ಅಂದು ಮಂಗಳವಾರ, ಊರಿನ ಕಟ್ಟಳೆಯಂತೆ ಕಡಲಿಗೆ ರಜೆ; ನಾಳೆ ದೋಣಿಗಳು ತುಂಬಿ ಬರುತ್ತವೆ. ಹೊರಗೆ ಮೀನಿನ ಹೆಂಗಸರು ಖಾಲಿ ಬೇಸಿನ್ ಬೋರಲು ಹಾಕಿ, ಅದರ ಮೇಲೆ ಕೂತು ಕಾಯುತ್ತಿದ್ದರು. ಇದ್ದದ್ದು ಒಂದೇ ಬಾಗಿಲು. ಹೋಗುವುದಾದರೆ ಅವರ ನಡುವೆಯೇ ಹೋಗಬೇಕು. ಹಾಳಾದ್ದು, ಈ ವಿದ್ಯೆ ಕಲಿಯದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅರಾಬಾಳಿಗೆ.

ಹೆಂಗಸರ ಮುಖಂಡೆ ಎಕುವಮ್ಮ ಬಾಗಿಲಿಗೇ ಬಂದಳು. "ಏನಂತೆ ನಿನ್ನ ಲೆಕ್ಕ, ಮಗಳೇ? ನಾಳೆ ಮೀನು ಇಡಬಹುದೋ?"

ಅರಾಬಾ ಮತ್ತೆ ಕ್ಯಾಲ್ಕ್ಯುಲೇಟರಿನ ಗುಂಡಿ ಒತ್ತತೊಡಗಿದಳು.

"ಓದಿದವರದ್ದು ಇದೇ ಗೋಳು," ಎಕುವಮ್ಮ ನಕ್ಕಳು. "ಕ್ವಾಮೆನಾ, ನೀನೇ ಹೇಳಪ್ಪ. ನೀನು ಅಂದ್ರೆ ಮುಗೀತು."

"ಇಡಿ ಅಮ್ಮ," ಅಂದ ಕ್ವಾಮೆನಾ. "ಏನೂ ಭಯ ಇಲ್ಲ."

ಅರಾಬಾ ಎದ್ದು ಹೋಗಿ ಮೇನ್ ಸ್ವಿಚ್ ಕೆಳಗೆಳೆದಳು. ಯಂತ್ರ ಗುರುಗುಟ್ಟಿ ನಿಂತಿತು.

"ಇಡಬೇಡಿ ಅಮ್ಮ. ಗ್ಯಾಸ್ ಖೋಟಾ."

ಎಲ್ಲರೂ ಕ್ವಾಮೆನಾನ ಮುಖ ನೋಡಿದರು. ಯಾರೂ ಬೈಯಲಿಲ್ಲ, ಇನ್ನೂ. ಅವನು ಬಗ್ಗಿ, ಎಂದಿನ ರೂಢಿಯಂತೆ ತಂಗಿಯ ಸಾಮಾನಿನ ಚೀಲವನ್ನು ಹೆಗಲಿಗೇರಿಸಿಕೊಂಡು ಹೊರಟ. ಬಾಗಿಲಲ್ಲಿ ಒಂದು ಗಳಿಗೆ ನಿಂತ. ಚೀಲವನ್ನು ಮೆಲ್ಲಗೆ ಕೆಳಗಿಟ್ಟು, ಹೆಂಗಸರ ನಡುವೆ ಒಬ್ಬನೇ ನಡೆದುಹೋದ.